ಮರವಾಗಿ ಬಗ್ಗುವ ವಿದ್ಯೆ

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?’ ಎಂದು ಕೇಳುತ್ತದೆ ನಮ್ಮ ಗಾದೆ. ‘ಬಗ್ಗದು’ ಎಂಬ ಉತ್ತರವೂ ಆ ಪ್ರಶ್ನೆಯೊಳಗೇ ಅಡಗಿದೆ. ಈಜಾಗಲಿ, ಸೈಕಲ್ಲಾಗಲಿ, ಸಂಗೀತವಾಗಲಿ, ಮೂವತ್ತು ದಾಟಿದವರು ಕಲಿಯಲು ಹೊರಟರೆ ಮೊದಲು ನಗುವವರು ಮನೆಯವರೇ. ಆದರೆ ಈ ಗಾದೆಗೆ ಎದುರುತ್ತರ ಕೊಟ್ಟವರೂ ಇದ್ದಾರೆ. ಅಮೆರಿಕದ ಶೆರ್ಮನ್ ಪಾಪೆನ್ ಅಂಥವರಲ್ಲಿ ಒಬ್ಬರು. ಹಿಮದ ಇಳಿಜಾರಿನಲ್ಲಿ ಒಂದೇ ಹಲಗೆಯ ಮೇಲೆ ನಿಂತು ಜಾರುವ ಸ್ನೋಬೋರ್ಡಿಂಗ್ ಎಂಬ ಕ್ರೀಡೆಯ ಮೂಲಪುರುಷರಲ್ಲಿ ಮೊದಲಿಗರೆಂದು ಹೆಸರಾದವರು ಇವರು. ಆದರೆ ಆ ಕ್ರೀಡೆಯನ್ನು ಅವರು ಸ್ವತಃ ಕಲಿತದ್ದು ತಮ್ಮ 67ನೇ ವಯಸ್ಸಿನಲ್ಲಿ!

ತಾನೇ ಹುಟ್ಟುಹಾಕಿದ ಆಟವನ್ನು ತಾನೇ ಆಡದೆ ಇಷ್ಟು ವರ್ಷ ಉಳಿದದ್ದು ಹೇಗೆ? ಅಷ್ಟು ತಡವಾಗಿ ಕಲಿಯಲು ಸಾಧ್ಯವಾದದ್ದು ಹೇಗೆ? ಈ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಾ ಹೋದರೆ ಒಂದು ಕ್ರೀಡೆಯ ಚರಿತ್ರೆಯ ಜೊತೆಗೆ, ದೊಡ್ಡವರು ಹೊಸದನ್ನು ಕಲಿಯುವಾಗ ನಿಜವಾಗಿ ಅಡ್ಡ ಬರುವುದು ಏನು ಎಂಬುದೂ ತಿಳಿಯುತ್ತದೆ.

ಮಕ್ಕಳಿಗಾಗಿ ಮಾಡಿದ ಆಟಿಕೆ

1965ರ ಕ್ರಿಸ್‌ಮಸ್ ದಿನ. ಮಿಷಿಗನ್ ರಾಜ್ಯದ ಮಸ್ಕೀಗನ್ ಎಂಬ ಊರು. ಪಾಪೆನ್ ಅವರ ಪತ್ನಿ ನ್ಯಾನ್ಸಿ ಆಗ ಗರ್ಭಿಣಿ. ಮನೆಯೊಳಗೆ ಗಲಾಟೆ ಎಬ್ಬಿಸಿದ್ದ ಹೆಣ್ಣುಮಕ್ಕಳನ್ನು ಸ್ವಲ್ಪ ಹೊತ್ತು ಹೊರಗೆ ಕರೆದುಕೊಂಡು ಹೋಗಿ ಎಂದು ಅವರು ಗಂಡನಿಗೆ ತಾಕೀತು ಮಾಡಿದರು. ಹೊರಗೆ ಎಲ್ಲೆಲ್ಲೂ ಹಿಮ. ಪಾಪೆನ್ ಎರಡು ಸ್ಕೀ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ಅಡ್ಡಪಟ್ಟಿ ಜಡಿದು ಒಂದೇ ಹಲಗೆ ಮಾಡಿದರು. ಮಕ್ಕಳು ಅದರ ಮೇಲೆ ಅಡ್ಡಕ್ಕೆ ನಿಂತು, ಕಡಲ ಅಲೆಯ ಮೇಲೆ ಸರ್ಫಿಂಗ್ ಮಾಡುವವರಂತೆ, ದಿಬ್ಬದಿಂದ ಜಾರಿದರು. ನೆರೆಹೊರೆಯ ಮಕ್ಕಳೂ ತಮಗೊಂದು ಬೇಕೆಂದು ಹಟ ಹಿಡಿದರು. ‘ಸ್ನೋ’ ಮತ್ತು ‘ಸರ್ಫರ್’ ಪದಗಳನ್ನು ಬೆಸೆದು ನ್ಯಾನ್ಸಿ ಅದಕ್ಕೆ ‘ಸ್ನರ್ಫರ್’ ಎಂದು ಹೆಸರಿಟ್ಟರು.

ಮರುವರ್ಷವೇ ಬೌಲಿಂಗ್ ಆಟದ ಸಾಮಗ್ರಿಗಳಿಗೆ ಹೆಸರಾದ ಬ್ರನ್ಸ್‌ವಿಕ್ ಕಂಪೆನಿ ಸ್ನರ್ಫರ್ ತಯಾರಿಕೆಯ ಹಕ್ಕು ಪಡೆಯಿತು. ಹಲಗೆಗಳು ಲಕ್ಷಗಟ್ಟಲೆ ಮಾರಾಟವಾದವು. ಅವುಗಳಿಗೆ ಕಾಲು ಬಿಗಿಯುವ ಪಟ್ಟಿ ಇರಲಿಲ್ಲ, ಲೋಹದ ಅಂಚೂ ಇರಲಿಲ್ಲ. ಮೂತಿಗೆ ಕಟ್ಟಿದ ಒಂದು ಹಗ್ಗ, ಅಷ್ಟೆ. ಕುದುರೆಯ ಲಗಾಮು ಹಿಡಿದಂತೆ ಅದನ್ನು ಹಿಡಿದು ಜಾರಬೇಕು. ನಮ್ಮ ಮಲೆನಾಡಿನ ಮಕ್ಕಳು ಅಡಿಕೆ ಹಾಳೆಯ ಮೇಲೆ ಕುಳಿತು ಗುಡ್ಡ ಜಾರುತ್ತಾರಲ್ಲ, ಹೆಚ್ಚು ಕಡಿಮೆ ಅದೇ ಜಾತಿಯ ಆಟ. ಅದನ್ನು ಕಲಿಸುವವರೂ ಇರಲಿಲ್ಲ, ಕಲಿಯಬೇಕಾದ ವಿದ್ಯೆಯೆಂದು ಭಾವಿಸಿದವರೂ ಇರಲಿಲ್ಲ.

ಆಟಿಕೆಯನ್ನು ಕ್ರೀಡೆಯಾಗಿಸಿದವರು ಮುಂದಿನ ತಲೆಮಾರಿನವರು. 14ನೇ ವಯಸ್ಸಿನಲ್ಲಿ ಸ್ನರ್ಫರ್‌ಗೆ ಮರುಳಾಗಿದ್ದ ಜೇಕ್ ಬರ್ಟನ್ ಕಾರ್ಪೆಂಟರ್ 1977ರಲ್ಲಿ ವರ್ಮಾಂಟ್ ರಾಜ್ಯದಲ್ಲಿ ಹಲಗೆ ತಯಾರಿಸುವ ಕಂಪೆನಿಯೊಂದನ್ನು ಶುರುಮಾಡಿದರು. ಇನ್ನೊಂದು ಕಡೆ ಸ್ಕೇಟ್‌ಬೋರ್ಡ್ ಪ್ರವೀಣ ಟಾಮ್ ಸಿಮ್ಸ್, ಯೂಟಾ ರಾಜ್ಯದಲ್ಲಿ ಡಿಮಿಟ್ರಿಯೆ ಮಿಲೋವಿಚ್ ತಮ್ಮದೇ ರೀತಿಯ ಹಲಗೆಗಳನ್ನು ರೂಪಿಸುತ್ತಿದ್ದರು. ಕಾಲನ್ನು ಹಲಗೆಗೆ ಬಿಗಿಯುವ ಕಟ್ಟು ಬಂತು. ಉಕ್ಕಿನ ಅಂಚು ಬಂತು. ಹಗ್ಗ ಹೋಯಿತು.

ಗೇಟಿನಲ್ಲೇ ತಡೆ

ಹಲಗೆಯೇನೋ ಸಿದ್ಧವಾಯಿತು, ಜಾರಲು ಜಾಗ ಬೇಕಲ್ಲ? ಪರ್ವತಗಳ ಮೇಲಿನ ಸ್ಕೀ ತಾಣಗಳು ಇವರನ್ನು ಒಳಗೆ ಬಿಡಲಿಲ್ಲ. ಎರಡು ಪಟ್ಟಿ, ಎರಡು ಕೋಲು ಹಿಡಿದು ಶಿಸ್ತಾಗಿ ಇಳಿಯುವ ಸ್ಕೀಯರ್‌ಗಳ ನಡುವೆ ಅಡ್ಡಡ್ಡ ನಿಂತು ನುಗ್ಗುವ ಈ ಹುಡುಗರು ಅಪಾಯಕಾರಿ ಎಂಬುದು ತಾಣಗಳ ವಾದ. ವಿಮೆಯ ಚಿಂತೆಯೂ ಇತ್ತು. ಹೀಗಾಗಿ ಮೊದಲ ತಲೆಮಾರಿನವರು ಕತ್ತಲಾದ ಮೇಲೆ ಕದ್ದು ಗುಡ್ಡ ಹತ್ತಿ, ಬಿದ್ದು ಎದ್ದು ತಮಗೆ ತಾವೇ ಕಲಿತರು.

1983ರಲ್ಲಿ ವರ್ಮಾಂಟ್‌ನ ಸ್ಟ್ರಾಟನ್ ತಾಣ ಬಾಗಿಲು ತೆರೆಯಿತು. ಆ ಹೊತ್ತಿನಲ್ಲಿ ಅನೇಕ ತಾಣಗಳು ಒಂದು ವಿಚಿತ್ರ ಷರತ್ತು ಹಾಕಿದ್ದವು. ಹಲಗೆಯ ಮೇಲೆ ತಿರುಗಲು, ನಿಲ್ಲಲು ಬರುತ್ತದೆಂದು ಪರೀಕ್ಷೆ ಕೊಟ್ಟು ತೋರಿಸಬೇಕು. ಪಾಸಾದವರಿಗೆ ಮಾತ್ರ ಕಾರ್ಡು. ವಾಹನ ಚಾಲನೆಯ ಲೈಸೆನ್ಸಿನ ಹಾಗೆ! ನಿಯಮ ನೋಡಲು ತಮಾಷೆಯಾಗಿದ್ದರೂ ಒಂದು ಒಳ್ಳೆಯದಾಯಿತು. ಪರೀಕ್ಷೆ ಎಂದ ಮೇಲೆ ಪಾಠ ಬೇಕು, ಪಾಠಕ್ಕೊಬ್ಬ ಗುರು ಬೇಕು. ಸ್ನೋಬೋರ್ಡಿಂಗ್ ‘ಕಲಿಯಬಹುದಾದ’ ವಿದ್ಯೆಯಾಗುವ ಹಾದಿ ಹಿಡಿದದ್ದು ಹೀಗೆ.

1998ರಲ್ಲಿ ಜಪಾನಿನ ನಗಾನೊ ಒಲಿಂಪಿಕ್ಸ್‌ನಲ್ಲಿ ಸ್ನೋಬೋರ್ಡಿಂಗ್‌ಗೆ ಸ್ಥಾನ ಸಿಕ್ಕಿತು. ಆದರೂ ಹಳೆಯ ಮಡಿ ಪೂರ್ತಿ ಹೋಗಿಲ್ಲ. ಯೂಟಾದ ಆಲ್ಟಾ ಮತ್ತು ಡೀರ್ ವ್ಯಾಲಿ, ವರ್ಮಾಂಟ್‌ನ ಮ್ಯಾಡ್ ರಿವರ್ ಗ್ಲೆನ್ ಈ ಮೂರು ತಾಣಗಳಲ್ಲಿ ಇವತ್ತಿಗೂ ಹಲಗೆಗೆ ಪ್ರವೇಶವಿಲ್ಲ. ಆಲ್ಟಾದ ನಿಷೇಧವನ್ನು ಪ್ರಶ್ನಿಸಿ ಕೆಲವರು ಕೋರ್ಟಿಗೂ ಹೋದರು. 2014ರಲ್ಲಿ ಮೊಕದ್ದಮೆ ವಜಾ ಆಯಿತು. 2016ರಲ್ಲಿ ಮೇಲ್ಮನವಿಯಲ್ಲೂ ಅವರಿಗೆ ಸೋಲಾಯಿತು.

ಮೊದಲ ದಿನದ ಪಾಠ

ಇನ್ನು ಕಲಿಕೆಯ ವಿಷಯಕ್ಕೆ ಬರೋಣ. ಹಿಮವನ್ನೇ ಕಾಣದ ಊರಿನ, ಮೂವತ್ತೈದು ನಲವತ್ತರ ಒಬ್ಬ ವ್ಯಕ್ತಿ ಮೊದಲ ಬಾರಿ ಹಲಗೆ ಕಟ್ಟಿಕೊಳ್ಳುತ್ತಾನೆ ಎಂದು ಊಹಿಸಿಕೊಳ್ಳಿ.

ಗುರು ಕೇಳುವ ಮೊದಲ ಪ್ರಶ್ನೆ: ನಿಮ್ಮದು ಯಾವ ಕಾಲು ಮುಂದು? ಎಡಗಾಲು ಮುಂದಿಟ್ಟು ನಿಲ್ಲುವವರಿಗೆ ‘ರೆಗ್ಯುಲರ್’ ಎನ್ನುತ್ತಾರೆ, ಬಲಗಾಲು ಮುಂದಿಡುವವರಿಗೆ ‘ಗೂಫಿ’. ಬಲಗೈ ಬಳಸುವವರೆಲ್ಲ ರೆಗ್ಯುಲರ್ ಆಗಬೇಕೆಂದೇನಿಲ್ಲ. ನಯವಾದ ನೆಲದಲ್ಲಿ ಕಾಲುಚೀಲ ತೊಟ್ಟು ಓಡಿ ಬಂದು ಜಾರಿದರೆ ಯಾವ ಕಾಲು ತಾನಾಗಿ ಮುಂದಕ್ಕೆ ಹೋಗುತ್ತದೆಯೋ ಅದೇ ಬಹುಮಟ್ಟಿಗೆ ನಿಮ್ಮ ಮುಂಗಾಲು.

ಆಮೇಲೆ ಮುಂಗಾಲನ್ನು ಮಾತ್ರ ಹಲಗೆಗೆ ಬಿಗಿದು, ಹಿಂಗಾಲಿನಿಂದ ನೆಲ ಒದೆಯುತ್ತಾ ಸಮತಟ್ಟು ಜಾಗದಲ್ಲಿ ಸಾಗುವ ಅಭ್ಯಾಸ. ಕೆಲಸಕ್ಕೆ ಬಾರದ ಕಸರತ್ತಿನಂತೆ ಕಾಣುವ ಇದು ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ. ತೇಲುವ ಕುರ್ಚಿಗಳ ಲಿಫ್ಟಿನಲ್ಲಿ ಮೇಲೆ ಹೋಗಿ ಇಳಿಯುವಾಗ ಒಂದೇ ಕಾಲು ಬಿಗಿದಿರುತ್ತದೆ. ಹೊಸಬರು ಗುಂಪಾಗಿ ಮುಗ್ಗರಿಸುವುದು ಅಲ್ಲಿಯೇ.

ಇದಾದ ಮೇಲೆ ಎರಡೂ ಕಾಲು ಬಿಗಿದು ಇಳಿಜಾರಿಗೆ ಅಡ್ಡಲಾಗಿ ಎದ್ದು ನಿಲ್ಲಬೇಕು. ಬೆಟ್ಟಕ್ಕೆ ಬೆನ್ನು, ಕಣಿವೆಗೆ ಮುಖ. ಎರಡು ಕಾಲೂ ಒಂದೇ ಹಲಗೆಗೆ ಅಂಟಿಕೊಂಡಿವೆ. ಆಯ ತಪ್ಪಿದರೆ ಒಂದು ಹೆಜ್ಜೆ ಮುಂದಿಟ್ಟು ಸಾವರಿಸಿಕೊಳ್ಳುವುದು ನಡೆಯಲು ಕಲಿತ ದಿನದಿಂದ ನಮಗೆ ಬಂದಿರುವ ಅಭ್ಯಾಸ. ಇಲ್ಲಿ ಆ ಹೆಜ್ಜೆಯೇ ಇಲ್ಲ! ದೊಡ್ಡವರು ಮೊದಲ ದಿನ ಕಂಗಾಲಾಗುವುದು ಇದರಿಂದಲೇ. ಮೈಗೆ ಗೊತ್ತಿರುವ ಅತ್ಯಂತ ಹಳೆಯ ಉಪಾಯ ಇಲ್ಲಿ ನಡೆಯುವುದಿಲ್ಲ.

ಎಲ್ಲ ಗುಟ್ಟೂ ಅಂಚಿನಲ್ಲಿ

ಹಲಗೆಯ ಸುತ್ತ ಉಕ್ಕಿನ ತೆಳು ಅಂಚಿದೆ. ಹಿಮ್ಮಡಿಯ ಕಡೆಯದು ಒಂದು, ಬೆರಳ ಕಡೆಯದು ಇನ್ನೊಂದು. ಈ ಕ್ರೀಡೆಯ ಸಮಸ್ತ ವಿದ್ಯೆಯೂ ಯಾವ ಅಂಚು ಯಾವಾಗ ಹಿಮವನ್ನು ಕಚ್ಚಬೇಕು ಎಂಬುದರಲ್ಲಿದೆ.

ಬೆಟ್ಟದ ಮೇಲಿಂದ ನೀರು ಸುರಿದರೆ ಅದು ಹರಿದು ಇಳಿಯುವ ನೇರ ದಾರಿಯೊಂದಿರುತ್ತದೆ. ಹಲಗೆಯನ್ನು ಆ ದಾರಿಗೆ ಅಡ್ಡಲಾಗಿ ಹಿಡಿದು, ಬೆಟ್ಟದ ಕಡೆಯ ಅಂಚನ್ನು ಹಿಮಕ್ಕೆ ಊರಿದರೆ ನಿಲ್ಲುತ್ತೀರಿ. ಅಂಚನ್ನು ತುಸು ಸಡಿಲಿಸಿದರೆ ಮೆಲ್ಲಗೆ ಅಡ್ಡಡ್ಡಲಾಗಿ ಕೆಳಗೆ ಜಾರುತ್ತೀರಿ. ಈ ಅಡ್ಡಜಾರು ಬಂದ ಮೇಲೆ, ಭಾರವನ್ನು ಒಮ್ಮೆ ಎಡಗಾಲಿಗೆ, ಒಮ್ಮೆ ಬಲಗಾಲಿಗೆ ವರ್ಗಾಯಿಸುತ್ತಾ ಅತ್ತಿತ್ತ ತೇಲುತ್ತಾ ಇಳಿಯುವುದು. ಮರದಿಂದ ಕಳಚಿದ ಎಲೆ ಗಾಳಿಯಲ್ಲಿ ಅತ್ತಿತ್ತ ಹೊರಳುತ್ತಾ ಬೀಳುವ ಹಾಗೆ. ಆದ್ದರಿಂದ ಈ ಪಾಠಕ್ಕೆ ‘ಉದುರುವ ಎಲೆ’ ಎಂದೇ ಹೆಸರು. ಇಷ್ಟು ಬಂದರೆ ಸಾಕು, ತಿರುವು ಬಾರದಿದ್ದರೂ ಸಾಧಾರಣ ಇಳಿಜಾರನ್ನು ಸುರಕ್ಷಿತವಾಗಿ ಇಳಿಯಬಹುದು.

ಎಡವಟ್ಟಾಗುವುದು ಕಣಿವೆಯ ಕಡೆಯ ಅಂಚು ಹಿಮವನ್ನು ಕಚ್ಚಿದಾಗ. ಹಲಗೆ ಥಟ್ಟನೆ ನಿಲ್ಲುತ್ತದೆ, ಮೈ ಮಾತ್ರ ಅದೇ ವೇಗದಲ್ಲಿ ಮುಂದುವರಿಯುತ್ತದೆ. ಬಸ್ಸಿನ ಡ್ರೈವರ್ ಗಕ್ಕನೆ ಬ್ರೇಕು ಹಾಕಿದಾಗ ನಿಂತ ಪ್ರಯಾಣಿಕರಿಗೆ ಆಗುವುದೇ ಇಲ್ಲೂ ಆಗುತ್ತದೆ. ಹಿಡಿದುಕೊಳ್ಳಲು ಕಂಬಿ ಮಾತ್ರ ಇರುವುದಿಲ್ಲ. ಕಣಿವೆಗೆ ಮುಖ ಮಾಡಿದ್ದರೆ ಮುಂದಕ್ಕೆ, ಬೆಟ್ಟಕ್ಕೆ ಮುಖ ಮಾಡಿದ್ದರೆ ಹಿಂದಕ್ಕೆ ಅಪ್ಪಳಿಸುತ್ತೀರಿ. ಎರಡನೆಯದು ತಲೆಗೆ ಅಪಾಯ. ಹೆಲ್ಮೆಟ್ ಬೇಕೇ ಬೇಕು ಎನ್ನುವುದು ಇದಕ್ಕೇ.

ಭಯವೇ ಬೀಳಿಸುತ್ತದೆ

ಮೂರನೆಯ ಹಂತ ತಿರುವು. ದೊಡ್ಡವರ ನಿಜವಾದ ಪರೀಕ್ಷೆ ಇದೇ.

ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೋಗಬೇಕಾದರೆ ನಡುವೆ ಒಂದು ಕ್ಷಣ ಹಲಗೆಯ ಮೂತಿ ನೇರ ಕಣಿವೆಯತ್ತ ತಿರುಗಲೇಬೇಕು. ಆ ಕ್ಷಣದಲ್ಲಿ ಯಾವ ಅಂಚಿನ ಆಸರೆಯೂ ಇಲ್ಲ, ವೇಗ ಏರುತ್ತದೆ. ಎದುರಿಗೆ ಇಳಿಜಾರು ಬಾಯಿ ತೆರೆದು ನಿಂತಿದೆ. ಮೈ ತಾನಾಗಿ ಹಿಂದಕ್ಕೆ, ಬೆಟ್ಟದ ಕಡೆಗೆ ವಾಲುತ್ತದೆ. ಪ್ರಪಾತ ಕಂಡಾಗ ಹಿಂದೆ ಸರಿಯುವುದು ಜೀವಿಯ ಸಹಜ ಧರ್ಮ. ಆದರೆ ಭಾರ ಹಿಂಗಾಲಿಗೆ ಹೋದೊಡನೆ ಹಲಗೆಯ ಮುಂಭಾಗ ಹಿಮದ ಹಿಡಿತ ಕಳೆದುಕೊಳ್ಳುತ್ತದೆ. ತಿರುಗಿಸಬೇಕಾದದ್ದು ಆ ಮುಂಭಾಗವೇ! ಹಲಗೆ ಮಾತು ಕೇಳುವುದಿಲ್ಲ, ನೇರ ಕೆಳಕ್ಕೆ ನುಗ್ಗುತ್ತದೆ, ವೇಗ ಇನ್ನೂ ಹೆಚ್ಚುತ್ತದೆ, ಭಯವೂ ಹೆಚ್ಚುತ್ತದೆ, ಮೈ ಇನ್ನೂ ಹಿಂದಕ್ಕೆ ವಾಲುತ್ತದೆ. ಕೊನೆಗೆ ಬೀಳುತ್ತೀರಿ. ಬೀಳಬಾರದೆಂದು ಮಾಡಿದ ಪ್ರಯತ್ನವೇ ಬೀಳಿಸಿತು.

ಪರಿಹಾರ ಕೇಳಲು ಸರಳ. ಭಾರವನ್ನು ಮುಂಗಾಲಿಗೆ ಕೊಡಿ, ಅಂದರೆ ಯಾವ ಕಡೆಗೆ ಹೋಗಲು ಹೆದರುತ್ತೀರೋ ಆ ಕಡೆಗೇ ವಾಲಿ. ಮೊಣಕಾಲು ಬಗ್ಗಿರಲಿ. ಹಲಗೆಯನ್ನು ನೋಡಬೇಡಿ, ಹೋಗಬೇಕಾದ ಜಾಗವನ್ನು ನೋಡಿ. ಕಣ್ಣು ತಿರುಗಿದತ್ತ ಭುಜ, ಭುಜ ತಿರುಗಿದತ್ತ ಸೊಂಟ, ಸೊಂಟ ತಿರುಗಿದತ್ತ ಹಲಗೆ. ಉಳಿದ ಕೆಲಸವನ್ನು ಹಲಗೆಯ ಆಕಾರವೇ ಮಾಡಿಕೊಳ್ಳುತ್ತದೆ. ಮೂತಿ ಮತ್ತು ಬಾಲದ ಬಳಿ ಅಗಲವಾಗಿ, ನಡುವಿನಲ್ಲಿ ಸಪೂರವಾಗಿ ಅದನ್ನು ಕಡೆದಿರುತ್ತಾರೆ. ವಾಲಿಸಿದಾಗ ಆ ಬಾಗಿದ ಅಂಚು ಹಿಮದ ಮೇಲೆ ಕಮಾನಿನಂತೆ ಕೂತು ತಾನಾಗಿ ತಿರುವು ತೆಗೆದುಕೊಳ್ಳುತ್ತದೆ.

ಸೈಕಲ್ ಕಲಿತವರಿಗೆ ಇದು ಅಪರಿಚಿತ ಅನುಭವವಲ್ಲ. ಹೆದರಿ ನಿಧಾನ ಮಾಡಿದಷ್ಟೂ ಸೈಕಲ್ ಓಲಾಡುತ್ತದೆ. ಧೈರ್ಯವಾಗಿ ಪೆಡಲ್ ತುಳಿದರೆ ನೆಟ್ಟಗಾಗುತ್ತದೆ. ವ್ಯತ್ಯಾಸವೆಂದರೆ ಸೈಕಲ್ಲನ್ನು ನಾವು ಹತ್ತನೇ ವಯಸ್ಸಿನಲ್ಲಿ ಕಲಿತಿರುತ್ತೇವೆ. ಮಕ್ಕಳಿಗೆ ಬೀಳುವುದು ಆಟದ ಒಂದು ಭಾಗ. ದೊಡ್ಡವರಿಗೆ ಬಿದ್ದರೆ ಆಫೀಸಿಗೆ ರಜೆ, ಆಸ್ಪತ್ರೆಯ ಬಿಲ್ಲು, ನೋಡಿದವರ ನಗು ಎಲ್ಲವೂ ನೆನಪಾಗುತ್ತವೆ.

ಈ ಭಯ ಸುಳ್ಳೂ ಅಲ್ಲ. ಲೆಕ್ಕ ಹಾಕಿ ನೋಡಿ. 20 ಕಿಲೋ ತೂಕದ ಮಗುವಿನ ಸೊಂಟ ನೆಲದಿಂದ ಸುಮಾರು ಅರ್ಧ ಮೀಟರ್ ಎತ್ತರದಲ್ಲಿದೆ. 70 ಕಿಲೋ ತೂಕದ ವಯಸ್ಕನದು ಸುಮಾರು ಒಂದು ಮೀಟರ್. ತೂಕವನ್ನು ಎತ್ತರದಿಂದ ಗುಣಿಸಿದರೆ, ನಿಂತಲ್ಲೇ ಬಿದ್ದರೂ ವಯಸ್ಕನ ಪೆಟ್ಟಿನ ಶಕ್ತಿ ಮಗುವಿನದಕ್ಕಿಂತ ಏಳು ಪಟ್ಟು. ಮರಕ್ಕೆ ಗಿಡಕ್ಕಿಂತ ಹೆಚ್ಚು ಹೆದರಿಕೆ ಇರುವುದಕ್ಕೆ ಭೌತಶಾಸ್ತ್ರದ ಬೆಂಬಲವೂ ಇದೆ ಎಂದಾಯಿತು.

ಬೀಳುವುದಕ್ಕೂ ಒಂದು ಕ್ರಮ

ಆದ್ದರಿಂದ ಒಳ್ಳೆಯ ಗುರುಗಳು ಜಾರಲು ಕಲಿಸುವ ಮೊದಲು ಬೀಳಲು ಕಲಿಸುತ್ತಾರೆ. ಬೀಳುವಾಗ ಅಂಗೈ ಚಾಚಿ ನೆಲಕ್ಕೆ ಊರುವುದು ಎಲ್ಲರ ಸ್ವಭಾವ. ಹಾಗೆ ಊರಿದರೆ ಇಡೀ ದೇಹದ ಭಾರ ಮಣಿಕಟ್ಟಿನ ಸಣ್ಣ ಮೂಳೆಗಳ ಮೇಲೆ ಬೀಳುತ್ತದೆ. ಸ್ಕೀಯಿಂಗ್‌ನಲ್ಲಿ ಹೆಚ್ಚಾಗಿ ಪೆಟ್ಟಾಗುವುದು ಮಂಡಿಗೆ; ಸ್ನೋಬೋರ್ಡಿಂಗ್‌ನಲ್ಲಿ ಮಣಿಕಟ್ಟಿಗೆ. ಅದರಲ್ಲೂ ಹೊಸಬರಿಗೇ ಹೆಚ್ಚು. ಮಣಿಕಟ್ಟಿನ ರಕ್ಷಾಪಟ್ಟಿ ತೊಟ್ಟರೆ ಈ ಅಪಾಯ ಗಣನೀಯವಾಗಿ ಇಳಿಯುತ್ತದೆ ಎಂಬುದು ಅಧ್ಯಯನಗಳಲ್ಲಿ ರುಜುವಾತಾಗಿದೆ. ಮುಂದಕ್ಕೆ ಬೀಳುವುದಾದರೆ ಮುಷ್ಟಿ ಬಿಗಿದು ಮುಂಗೈಗಳ ಮೇಲೆ ಬೀಳಬೇಕು. ಹಿಂದಕ್ಕೆ ಬೀಳುವುದಾದರೆ ಗಲ್ಲವನ್ನು ಎದೆಗೆ ಒತ್ತಿ, ಕುಕ್ಕರುಗಾಲಿನಲ್ಲಿ ಕುಸಿದು ಬೆನ್ನಿನ ಮೇಲೆ ಉರುಳಬೇಕು.

ಇಷ್ಟೆಲ್ಲ ಹೇಳಿಕೊಟ್ಟರೂ ಮೊದಲ ಎರಡು ದಿನ ಕುಳಿತುಕೊಳ್ಳುವುದೇ ಕಷ್ಟ ಎನ್ನುವಷ್ಟು ಮೈಕೈ ನೋವು ಖಂಡಿತ. ಸ್ಕೀಯಿಂಗ್ ಶುರುಮಾಡಲು ಸುಲಭ, ಪಳಗಲು ಕಷ್ಟ; ಸ್ನೋಬೋರ್ಡಿಂಗ್ ಶುರುಮಾಡಲು ಕಷ್ಟ, ಆಮೇಲೆ ಸುಲಭ ಎಂಬ ಮಾತು ಹಿಮತಾಣಗಳಲ್ಲಿ ಬಳಕೆಯಲ್ಲಿದೆ. ಎರಡನೆಯ ದಿನವೇ ಕೈಬಿಟ್ಟವರಿಗೆ ಆ ‘ಆಮೇಲೆ’ ಸಿಗುವುದಿಲ್ಲ, ಅಷ್ಟೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ಇಲ್ಲಿ ಹೇಳಿಕೊಳ್ಳಲು ಅಡ್ಡಿಯಿಲ್ಲ. ಹಿಮದಲ್ಲಿ ಮಣ್ಣೆಲ್ಲಿಂದ ಬರಬೇಕು?

ವಯಸ್ಸಾದವರಿಗೆ ಅನುಕೂಲಗಳೂ ಇವೆ. ಅಂಚು, ಭಾರ, ವೇಗ ಇವುಗಳ ಸಂಬಂಧವನ್ನು ವಿವರಿಸಿದರೆ ದೊಡ್ಡವರಿಗೆ ಅರ್ಥವಾಗುತ್ತದೆ. ತಾನು ಏಕೆ ಬಿದ್ದೆ ಎಂದು ಯೋಚಿಸಿ ತಿದ್ದಿಕೊಳ್ಳಬಲ್ಲರು. ದಣಿದಾಗ ನಿಲ್ಲಿಸಬೇಕೆಂಬ ವಿವೇಕವೂ ಅವರಿಗಿದೆ. ಹಗಲು ಕಲಿತ ಚಲನೆಗಳನ್ನು ಮಿದುಳು ರಾತ್ರಿಯ ನಿದ್ದೆಯಲ್ಲಿ ಗಟ್ಟಿಮಾಡಿಕೊಳ್ಳುತ್ತದೆ ಎಂದು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಸಂಜೆ ಬಾರದ ತಿರುವು ಮರುದಿನ ಬೆಳಿಗ್ಗೆ ಬಂದುಬಿಡುವುದರ ಹಿಂದೆ ಇಂಥದೊಂದು ಕಾರಣವಿರಬಹುದು.

ನಮ್ಮ ದೇಶದಲ್ಲಿ

ಭಾರತದಲ್ಲಿ ಇದನ್ನು ಕಲಿಯಬೇಕೆಂದರೆ ಹಿಮಾಲಯಕ್ಕೇ ಹೋಗಬೇಕು. ಕಾಶ್ಮೀರದ ಗುಲ್ಮಾರ್ಗ್, ಉತ್ತರಾಖಂಡದ ಔಲಿ, ಮನಾಲಿ ಬಳಿಯ ಸೋಲಂಗ್ ಕಣಿವೆ ಇದಕ್ಕೆ ಹೆಸರಾದ ಜಾಗಗಳು. ಗುಲ್ಮಾರ್ಗ್ ಇರುವುದು ಸುಮಾರು 2,650 ಮೀಟರ್ ಎತ್ತರದಲ್ಲಿ. ಅಲ್ಲಿ ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಸ್ಕೀಯಿಂಗ್ ತರಬೇತಿ ಸಂಸ್ಥೆಯಿದೆ. 1998ರಲ್ಲಿ ಶುರುವಾದ ಗೊಂಡೋಲಾ ತೂಗುಬಂಡಿಯ ಎರಡನೆಯ ಹಂತ 2005ರಲ್ಲಿ ಸಿದ್ಧವಾಗಿ, ಈಗ ಅಫರ್ವತ್ ಶಿಖರದ ಮಗ್ಗುಲಿಗೆ, ಹತ್ತಿರ ಹತ್ತಿರ 4,000 ಮೀಟರ್ ಎತ್ತರಕ್ಕೆ ಒಯ್ಯುತ್ತದೆ. ಹೊಸಬರಿಗೆ ಅಷ್ಟು ಎತ್ತರ ಬೇಕಿಲ್ಲ. ಕೆಳಗಿನ ಹುಲ್ಲುಗಾವಲಿನ ಸೌಮ್ಯ ಇಳಿಜಾರೇ ಸಾಕು.

ಹಿಮವಿಲ್ಲದ ನಾಡಿನವರಿಗೆ ಇದೆಲ್ಲ ಎಟುಕದ ಮಾತು ಎನ್ನುವಂತಿಲ್ಲ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ದೊಡ್ಡವರಾದ ಮೇಲೆ ಸ್ಕೀಯಿಂಗ್ ಕಲಿತವರು. ಅವರದು ಒಂಟಿ ಹಲಗೆಯಲ್ಲ, ಎರಡು ಪಟ್ಟಿಗಳ ಮೇಲೆ ದೂರದೂರ ಸಾಗುವ ಕ್ರಾಸ್ ಕಂಟ್ರಿ ವಿಭಾಗ. ಖೇಲೋ ಇಂಡಿಯಾ ಚಳಿಗಾಲದ ಕೂಟದಲ್ಲಿ ಅವರು ಕರ್ನಾಟಕಕ್ಕೆ ಪದಕ ತಂದಿದ್ದಾರೆ. ಮಳೆ ಮತ್ತು ಮಂಜಿನ ಜಿಲ್ಲೆಯಿಂದ ಹಿಮದ ಪದಕ!

ಆದರೆ ಕಲಿಯುವವರಿಗೆ ವಯಸ್ಸಿಗಿಂತ ದೊಡ್ಡ ಅಡ್ಡಿಯೊಂದು ಎದುರಾಗುತ್ತಿದೆ. 2024ರ ಜನವರಿಯಲ್ಲಿ ಗುಲ್ಮಾರ್ಗ್‌ನಲ್ಲಿ ಹಿಮವೇ ಇರಲಿಲ್ಲ; ಪ್ರವಾಸಿಗರು ಕಂಡದ್ದು ಒಣಗಿದ ಕಂದು ಹುಲ್ಲು. 2025ರ ಫೆಬ್ರವರಿಯಲ್ಲಿ ಅಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಸ್ಪರ್ಧೆಗಳನ್ನು ಹಿಮದ ಕೊರತೆಯಿಂದ ಮುಂದೂಡಿ ಮಾರ್ಚ್‌ನಲ್ಲಿ ನಡೆಸಬೇಕಾಯಿತು. ಭೂಮಿ ಬಿಸಿಯಾದಂತೆ ಮೊದಲು ಹಿಮ ಕಾಣೆಯಾಗುವುದು ತಗ್ಗಿನ ಇಳಿಜಾರುಗಳಲ್ಲಿ. ಹೊಸಬರು ಕಲಿಯುವ ಜಾಗಗಳು ಅವೇ. ಪಳಗಿದವರು ಇನ್ನೂ ಮೇಲಕ್ಕೆ ಹೋಗಬಹುದು. ಕಲಿಯುವವರು ಎಲ್ಲಿಗೆ ಹೋಗಬೇಕು? ‘ಮುಂದಿನ ವರ್ಷ ನೋಡೋಣ’ ಎಂದು ಮುಂದೂಡುವವರು ತಮ್ಮ ವಯಸ್ಸನ್ನು ಮಾತ್ರವಲ್ಲ, ಹಿಮದ ಆಯುಷ್ಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಕಾಲ ಇದು.

ಅರವತ್ತೇಳರ ವಿದ್ಯಾರ್ಥಿ

ಮತ್ತೆ ಪಾಪೆನ್ ಅವರ ಕಡೆಗೆ ಹೋಗೋಣ. ಅವರು ಹುಟ್ಟಿದ್ದು 1930ರಲ್ಲಿ. ಆಟಿಕೆ ಮಾಡಿದಾಗ 35 ವರ್ಷದ ಗೃಹಸ್ಥ. ಅವರು ಕಟ್ಟಿದ ಹಲಗೆಯನ್ನು ಬೇರೆಯವರು ಉಳಿ, ಉಕ್ಕು, ಪ್ಲಾಸ್ಟಿಕ್ಕುಗಳಿಂದ ಹೊಸದಾಗಿಸುತ್ತಾ ಹೋದರು. ಅದು ಗೇಟಿನಲ್ಲಿ ತಡೆಸಿಕೊಂಡಿತು, ಪರೀಕ್ಷೆ ಬರೆಯಿತು, ಒಲಿಂಪಿಕ್ಸ್ ಬಾಗಿಲಿಗೆ ಬಂದು ನಿಂತಿತು. ಅಷ್ಟರಲ್ಲಿ ಪಾಪೆನ್ ಅವರಿಗೆ 67. ಕೊಲೊರಾಡೊ ರಾಜ್ಯದ ಸ್ಟೀಮ್‌ಬೋಟ್ ಸ್ಪ್ರಿಂಗ್ಸ್‌ನಲ್ಲಿ ಅವರು ಮೊದಲ ಬಾರಿ ಆಧುನಿಕ ಸ್ನೋಬೋರ್ಡನ್ನು ಕಾಲಿಗೆ ಬಿಗಿದುಕೊಂಡರು.

ಹಗ್ಗ ಹಿಡಿದು ದಿಬ್ಬ ಜಾರುತ್ತಿದ್ದ ದಿನಗಳ ಅನುಭವ ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುವಂಥದಲ್ಲ. ಎರಡೂ ಕಾಲು ಬಿಗಿದ, ಉಕ್ಕಿನ ಅಂಚಿನ ಈ ಹಲಗೆ ಬೇರೆಯೇ ವಸ್ತು. ಅದಕ್ಕೆ ತನ್ನನ್ನು ಹುಟ್ಟಿಸಿದವರು ಯಾರೆಂದು ತಿಳಿಯದು. ಭಾರ ಹಿಂದಕ್ಕೆ ಹೋದರೆ ಪೇಟೆಂಟ್ ಪಡೆದವರನ್ನೂ ಅದು ಬೀಳಿಸುತ್ತದೆ, ನಿನ್ನೆ ಬಂದ ಹುಡುಗನನ್ನೂ ಬೀಳಿಸುತ್ತದೆ. ಇಂಥದೊಂದು ಜಾಗದಲ್ಲಿ ಹೊಸಬರ ಸಾಲಿಗೆ ಬಂದು ನಿಲ್ಲಲು ಬೇಕಾದದ್ದು ತೋಳ್ಬಲವಲ್ಲ. ‘ನನಗೆ ಬಾರದು, ಕಲಿಸಿ’ ಎಂದು ಹೇಳುವ ಧೈರ್ಯ. ಮರ ಬಗ್ಗಬೇಕಾದದ್ದು ಅಲ್ಲಿ.

ಪಾಪೆನ್ 2019ರಲ್ಲಿ, 89ನೇ ವಯಸ್ಸಿನಲ್ಲಿ ತೀರಿಕೊಂಡರು. ಅದೇ ವರ್ಷ ಜೇಕ್ ಬರ್ಟನ್ ಕಾರ್ಪೆಂಟರ್ ಕೂಡ ಕಣ್ಮುಚ್ಚಿದರು. ಒಬ್ಬರು ಬಾಲ್ಯದಲ್ಲೇ ಹಲಗೆ ಹಿಡಿದವರು, ಇನ್ನೊಬ್ಬರು ಮುಪ್ಪಿನಲ್ಲಿ. ಹಿಮದ ಮೇಲೆ ಇಬ್ಬರೂ ಕಲಿಯಬೇಕಾಗಿದ್ದ ಮೊದಲ ಪಾಠ ಮಾತ್ರ ಒಂದೇ: ಹೆದರಿಕೆ ಯಾವ ಕಡೆಗಿದೆಯೋ ಆ ಕಡೆಗೆ ತುಸು ವಾಲಬೇಕು.